ಸಿಂಗಪುರದಲ್ಲಿ ಅರ್ಧ ದಿನ: ಯಾವ ಮ್ಯೂಸಿಯಂಗೆ ಹೋಗೋದು?

ಅರ್ಧ ದಿನವಷ್ಟೇ ಕೈಯಲ್ಲಿದ್ದರೆ ಎರಡರಲ್ಲಿ ಒಂದನ್ನೇ ನೋಡಿ. ಲಿಟ್ಲ್ ಇಂಡಿಯಾದ ಇಂಡಿಯನ್ ಹೆರಿಟೇಜ್ ಸೆಂಟರ್ (2015ರಲ್ಲಿ ತೆರೆದದ್ದು) ಚಿಕ್ಕದು, ಟಿಕೆಟ್ ಅಗ್ಗ, ಒಂದೂವರೆ ಗಂಟೆ ಸಾಕು. ವಲಸೆ ಬಂದವರ ಬದುಕು, ಚೆಟ್ಟಿನಾಡಿನ ಕೆತ್ತನೆ ಬಾಗಿಲು ಇಲ್ಲಿವೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಇದೇ ಸುಲಭ, ಊಟವೂ ಪಕ್ಕದಲ್ಲೇ. ಸೋಮವಾರ ಮಾತ್ರ ರಜೆ, ನೆನಪಿರಲಿ.

ನದಿ ದಡದ ಏಷ್ಯನ್ ಸಿವಿಲೈಸೇಶನ್ಸ್ ಮ್ಯೂಸಿಯಂಗೆ ಮೂರು ಗಂಟೆಯಾದರೂ ಬೇಕು. ನೆಲಮಹಡಿಯ ಟ್ಯಾಂಗ್ (ಚೀನಾದ ಹಳೆಯ ರಾಜವಂಶ) ಕಾಲದ ಹಡಗಿನ ಗ್ಯಾಲರಿಯಿಂದಲೇ ಶುರುಮಾಡಿ. ಕಾಲು ಸೋತ ಮೇಲೆ ಅದನ್ನು ಓಡೋಡಿ ನೋಡಿದರೆ ನಷ್ಟ. 9ನೇ ಶತಮಾನದಲ್ಲಿ ಮುಳುಗಿ 1998ರಲ್ಲಿ ಸಿಕ್ಕ ಹಡಗದು. ದೊಡ್ಡ ಜಾಡಿಯೊಳಗೆ ಸುರುಳಿಯಾಗಿ ಒತ್ತೊತ್ತಾಗಿ ಜೋಡಿಸಿ ಸಾಗಿಸಿದ ಬಟ್ಟಲುಗಳ ಮುಂದೆ ಸ್ವಲ್ಪ ನಿಲ್ಲಿ. ಇತಿಹಾಸದ ಹುಚ್ಚಿದ್ದು, ಶುಕ್ರವಾರ ಸಂಜೆ ಬಿಡುವಿದ್ದರೆ ಇಲ್ಲಿಗೇ ಬನ್ನಿ. ಅಂದು ರಾತ್ರಿ 9ರವರೆಗೆ ತೆರೆದಿರುತ್ತದೆ.