ಸ್ಯಾಡಲ್ ಪೀಕ್ ಹತ್ತಲು ಹೊರಟ ಪುಣೆಯವರಿಗೆ ಒಂದು ಎಚ್ಚರಿಕೆ

ಕಳೆದ ಜನವರಿಯಲ್ಲಿ ನಾನೂ ನಮ್ಮ ಯಜಮಾನರೂ ಅಂಡಮಾನಿಗೆ ಹೋಗಿದ್ದೆವು. ಮದುವೆಯಾಗಿ 25 ವರ್ಷ ತುಂಬಿತೆಂದು ಮಕ್ಕಳು ಮಾಡಿಸಿಕೊಟ್ಟ ಪ್ರವಾಸವದು. ಅಲ್ಲಿನ ಅತಿ ಎತ್ತರದ ಬೆಟ್ಟವಾದ ಸ್ಯಾಡಲ್ ಪೀಕ್ ಹತ್ತಲು ಹೋದವರು ಕತ್ತಲೆಯಲ್ಲಿ ಕಾಡಿನೊಳಗೆ ಸಿಕ್ಕಿಕೊಂಡೆವು, ಯಜಮಾನರ ಜೀವಕ್ಕೇ ಸಂಚಕಾರ ಬಂದಿತ್ತು. ಪುಣೆಯಲ್ಲಿ ನಮ್ಮಂತೆಯೇ ಭಾನುವಾರವಾದರೆ ಸಾಕು, ಯಾವುದಾದರೊಂದು ಗಡ, ಅಂದರೆ ಬೆಟ್ಟದ ಮೇಲಿನ ಕೋಟೆ, ಹತ್ತುವ ಕನ್ನಡದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರು ಈ ಚಳಿಗಾಲಕ್ಕೆ ಅಂಡಮಾನಿಗೆ ಹೊರಡುವ ತಯಾರಿಯಲ್ಲಿದ್ದಾರೆ. ಹಣ ಕಟ್ಟುವ ಮೊದಲು ಅವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಪ್ರವಾಸವನ್ನು ಗೊತ್ತುಮಾಡಿಕೊಟ್ಟವರು ಪುಣೆಯಲ್ಲೇ ಕಚೇರಿ ಇಟ್ಟುಕೊಂಡಿರುವ, ಚೆನ್ನಾಗಿ ಕನ್ನಡ ಮಾತಾಡುವ ಒಬ್ಬ ಏಜೆಂಟರು. ನಮ್ಮ ಕಡೆಯವರು ಎಂಬ ಒಂದೇ ನಂಬಿಕೆಯಿಂದ ನಾವು ಬೇರೆ ಯಾರನ್ನೂ ವಿಚಾರಿಸಲಿಲ್ಲ. ಅವರು ಕೊಟ್ಟ ಹಾಳೆಯಲ್ಲಿ ಆರನೆಯ ದಿನದ ಮುಂದೆ ಎರಡು ಸಾಲುಗಳಿದ್ದವು: ಬೆಳಗ್ಗೆ ಸ್ಯಾಡಲ್ ಪೀಕ್, ಅರ್ಧ ದಿನದ ಸುಲಭ ಚಾರಣ, ಮಧ್ಯಾಹ್ನ ದೋಣಿಯಲ್ಲಿ ರಾಸ್ ಮತ್ತು ಸ್ಮಿತ್ ದ್ವೀಪಗಳು. ಆ ಜಾಗವನ್ನು ಒಮ್ಮೆ ಕಣ್ಣಾರೆ ಕಂಡವರು ಯಾರೂ ಈ ಎರಡನ್ನೂ ಒಂದೇ ದಿನಕ್ಕೆ ಬರೆಯಲಾರರು. ಉತ್ತರ ಅಂಡಮಾನಿನ ಡಿಗ್ಲಿಪುರ ಎಂಬ ಊರಿನ ಬಳಿಯ ಲಾಮಿಯಾ ಬೇ ಕಡಲ ತೀರದಿಂದ ಶಿಖರಕ್ಕೆ ಸುಮಾರು 8 ಕಿಲೋಮೀಟರ್ ಹಾದಿಯಿದೆ, ಹೋಗಿ ಬರಲು 16. ಇದನ್ನು ನಾವು ತಿಳಿದುಕೊಂಡದ್ದು ಅರಣ್ಯ ಇಲಾಖೆಯ ಚೌಕಿಯಲ್ಲಿ ಹೆಸರು ಬರೆಸುವಾಗ.

ಆಗಲೂ ನಾವು ಅಂಜಲಿಲ್ಲ, ಅದು ನಮ್ಮದೇ ತಪ್ಪು. ಸ್ಯಾಡಲ್ ಪೀಕ್‌ನ ಎತ್ತರ ಕೇವಲ 732 ಮೀಟರ್. ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ ಕಳಸೂಬಾಯಿಯ 1646 ಮೀಟರ್ ಹತ್ತಿದವರಿಗೆ, ವರ್ಷಕ್ಕೆ ಮೂವತ್ತು ಸಲ 1312 ಮೀಟರ್‌ನ ಸಿಂಹಗಡ ಹತ್ತಿ ಮೇಲೆ ಪಿಠಲೆ ಭಾಕ್ರಿ ತಿಂದು ಇಳಿಯುವವರಿಗೆ, ಆ ಸಂಖ್ಯೆ ಬಹಳ ಚಿಕ್ಕದಾಗಿ ಕಾಣಿಸುತ್ತದೆ. ಆದರೆ ಪುಣೆ ಊರೇ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ. ಸಿಂಹಗಡಕ್ಕೆ ಹೊರಡುವ ಮೊದಲೇ ಅರ್ಧದಷ್ಟು ಎತ್ತರವನ್ನು ನೆಲವೇ ನಮಗೆ ಕೊಟ್ಟಿರುತ್ತದೆ. ಸ್ಯಾಡಲ್ ಪೀಕ್‌ನಲ್ಲಿ ಕಡಲ ಮರಳಿನಿಂದಲೇ ಶುರು, 732 ಮೀಟರ್ ಪೂರ್ತಿ ಕಾಲಿನಲ್ಲೇ ಏರಬೇಕು. ಅದಕ್ಕಿಂತ ಮುಖ್ಯವಾದದ್ದು ಗಾಳಿ. ಸಹ್ಯಾದ್ರಿಯ ಚಳಿಗಾಲದ ಒಣ ಗಾಳಿಯಲ್ಲಿ ಬೆವರು ಆರಿಹೋಗಿ ಮೈ ತಂಪಾಗುತ್ತದೆ. ಅಲ್ಲಿಯ ಮಳೆಕಾಡಿನ ತೇವದಲ್ಲಿ ಬೆವರು ಸರಿಯಾಗಿ ಆರುವುದಿಲ್ಲ, ಹೆಚ್ಚಿನದು ಸುಮ್ಮನೆ ಹರಿದುಹೋಗುತ್ತದೆ. ಮೈಯ ನೀರು, ಉಪ್ಪು ಎರಡೂ ಹೋಗುತ್ತವೆ, ಕಾವು ಮಾತ್ರ ಒಳಗೇ ಉಳಿಯುತ್ತದೆ.

ಹೊತ್ತಿನ ಲೆಕ್ಕದಲ್ಲಿಯೂ ಮೋಸಹೋದೆವು. ಅಂಡಮಾನಿನಲ್ಲಿ ನಡೆಯುವುದೂ ನಮ್ಮದೇ ಭಾರತೀಯ ಸಮಯ, ಆದರೆ ಅದು ಪುಣೆಯಿಂದ ಬಹಳ ಪೂರ್ವಕ್ಕಿರುವುದರಿಂದ ಜನವರಿಯಲ್ಲಿ ಬೆಳಗಿನ ಆರಕ್ಕೆ ಮೊದಲೇ ಸೂರ್ಯ ಹುಟ್ಟಿ, ಸಂಜೆ ಐದೂಕಾಲಿನ ಹೊತ್ತಿಗೆ ಮುಳುಗಿಬಿಡುತ್ತಾನೆ. ಪುಣೆಯಲ್ಲಿ ಆರೂಕಾಲಿನವರೆಗೂ ಬಿಸಿಲಿರುವುದನ್ನು ನೋಡಿ ಅಭ್ಯಾಸವಾದ ನಾವು, ಹೋಟೆಲಿನಲ್ಲಿ ತಿಂಡಿ ಮುಗಿಸಿ, ಕಾರಿಗೆ ಕಾದು, ಚೌಕಿ ದಾಟಿದ್ದು 9 ಗಂಟೆ 40 ನಿಮಿಷಕ್ಕೆ. ಕಾರು ಎಂಟೂವರೆಗೆ ಬರಲಿ ಎಂದು ಗೊತ್ತುಮಾಡಿದವರೂ ಅದೇ ಏಜೆಂಟರು. ಆ ಊರಿನ ಲೆಕ್ಕದಲ್ಲಿ ನಮ್ಮ ದಿನದ ಮೂರನೆಯ ಒಂದು ಪಾಲು ಅಲ್ಲಿಗೇ ಕಳೆದಿತ್ತು.

ಜೊತೆಗೆ ಬಂದ ಸ್ಥಳೀಯ ಹುಡುಗ ಹನ್ನೆರಡು ಗಂಟೆಗೆ ನಿಂತು, ಇಲ್ಲಿಂದ ಹಿಂತಿರುಗೋಣ ದೀದಿ ಎಂದ. ಒಂದು ಗಂಟೆಗೆ ಮತ್ತೊಮ್ಮೆ ಹೇಳಿದ. ಇಷ್ಟು ದೂರ ಬಂದು ಶಿಖರ ಮುಟ್ಟದೆ ಹೋಗುವುದು ಹೇಗೆ ಎಂದು ನಾವೇ ಹಟ ಹಿಡಿದೆವು. ಎರಡು ಗಂಟೆಯ ಸುಮಾರಿಗೆ, ಶಿಖರ ಇನ್ನೂ ಕಣ್ಣಿಗೆ ಬೀಳುವ ಮೊದಲೇ, ಯಜಮಾನರು ಒಂದು ಬೇರಿನ ಮೇಲೆ ಕುಳಿತುಬಿಟ್ಟರು. ಅವರ ಅಂಗಿಯ ಬೆನ್ನಿನಲ್ಲಿ ಉಪ್ಪು ಬಿಳಿಯ ಗೆರೆಗಳಾಗಿ ಕಟ್ಟಿತ್ತು. ಬಲಗೈಯನ್ನು ನನ್ನ ಮುಂದೆ ಹಿಡಿದು, "ಬೆರಳು ಬಿಚ್ಚಲಿಕ್ಕ ಬರವಲ್ದು ನೋಡು" ಎಂದರು. ನಾಲ್ಕು ಬೆರಳೂ ಹೆಬ್ಬೆರಳಿನ ಕಡೆಗೆ ಸೆಟೆದು ಕೂಡಿಕೊಂಡಿದ್ದವು. ನಾನು ಒಂದೊಂದಾಗಿ ಬಿಡಿಸಿದರೆ ಕೈ ಬಿಟ್ಟ ಕೂಡಲೇ ಮತ್ತೆ ಮಡಚಿಕೊಳ್ಳುತ್ತಿದ್ದವು. ಆಮೇಲೆ ಮೀನಖಂಡ ಹಿಡಿದುಕೊಂಡಿತು, ವಾಂತಿಯಾಯಿತು, ಅಷ್ಟು ಸೆಖೆಯಲ್ಲೂ ಮೈ ಮುಟ್ಟಿದರೆ ತಣ್ಣಗಿತ್ತು. ನಾವು ತಲಾ ಎರಡು ಲೀಟರ್ ನೀರು ಒಯ್ದಿದ್ದೆವು, ಅದು ಮುಗಿಯುತ್ತ ಬಂದಿತ್ತು, ಮತ್ತು ಅದು ಬರೀ ನೀರು. ಒಂದು ಓಆರ್‌ಎಸ್ ಪೊಟ್ಟಣವೂ ನಮ್ಮ ಚೀಲದಲ್ಲಿರಲಿಲ್ಲ. ಆ ಹುಡುಗ ತನ್ನ ಊಟದ ಡಬ್ಬಿಯಿಂದ ಕಾಗದದಲ್ಲಿ ಕಟ್ಟಿದ್ದ ಉಪ್ಪನ್ನು ತೆಗೆದು, ಚಿಟಿಕೆ ಚಿಟಿಕೆಯಾಗಿ ತನ್ನ ಬಾಟಲಿಯ ನೀರಿಗೆ ಹಾಕಿ, ಗುಟುಕು ಗುಟುಕಾಗಿ ಕುಡಿಸಿದ. ಯಜಮಾನರು ಎದ್ದು ನಿಲ್ಲುವಂತಾದದ್ದು ಅದರಿಂದ. ಅವನಿಗೆ ನಾವು ಎಷ್ಟು ಕೃತಜ್ಞರಾದರೂ ಕಡಿಮೆಯೇ.

ಇಳಿಯುವುದು ಹತ್ತುವುದಕ್ಕಿಂತ ನಿಧಾನವಾಯಿತು. ದಟ್ಟ ಮರಗಳ ಕೆಳಗೆ ನಾಲ್ಕೂಮುಕ್ಕಾಲಿಗೇ ಹಾದಿ ಮಸುಕಾಗತೊಡಗಿತು, ಐದೂವರೆಯ ಮೇಲೆ ಏನೂ ಕಾಣಲಿಲ್ಲ. ಆ ಸೀಮೆಯಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಮುಸ್ಸಂಜೆ ಎಂಬುದು ಬಹಳ ಹೊತ್ತು ನಿಲ್ಲುವುದಿಲ್ಲ. ನಮ್ಮ ಬಳಿ ಇದ್ದದ್ದು ಮೊಬೈಲಿನ ಬೆಳಕು ಮಾತ್ರ. ಯಾರಿಗಾದರೂ ಫೋನ್ ಮಾಡೋಣವೆಂದರೆ ಸಿಗ್ನಲ್ ಇರಲಿಲ್ಲ. ಕಡಲಂಚಿಗೆ ಬರುವ ಹೊತ್ತಿಗೆ ಉಬ್ಬರ ಏರಿ, ಬೆಳಗ್ಗೆ ನಾವು ಒಣಗಾಲಿನಲ್ಲಿ ದಾಟಿದ್ದ ಬಂಡೆಗಳ ಮೇಲೆ ಅಲೆ ಒಡೆಯುತ್ತಿತ್ತು. ಅಂಡಮಾನಿನ ತೊರೆಗಳಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಆದ್ದರಿಂದ ಕತ್ತಲೆಯಲ್ಲಿ ನೀರಿಗಿಳಿಯಲು ಹುಡುಗ ಖಂಡಿತ ಒಪ್ಪಲಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು, ಯಜಮಾನರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನೀರು ಇಳಿಯುವುದನ್ನೇ ಕಾಯುತ್ತ ಕುಳಿತಿದ್ದೆ. ಮಾತು ತೊದಲಿದರೆ ಕೂಡಲೇ ಹೇಳಿ ಎಂದು ಹುಡುಗ ಹೇಳಿದ್ದರಿಂದ, ಮಕ್ಕಳ ಹೆಸರು, ಮನೆಯ ನಂಬರು ಎಲ್ಲವನ್ನೂ ಮತ್ತೆ ಮತ್ತೆ ಅವರಿಂದ ಹೇಳಿಸುತ್ತಿದ್ದೆ. ಚೌಕಿ ಮುಟ್ಟಿದಾಗ ರಾತ್ರಿ ಹತ್ತು. ಸರಕಾರಿ ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲೈನ್ ಹಾಕಿ, ಬೆಳಗಿನವರೆಗೂ ಇಟ್ಟುಕೊಂಡು ಬಹಳ ಚೆನ್ನಾಗಿ ನೋಡಿಕೊಂಡರು.

ಇಷ್ಟಾದ ಮೇಲೆ ವಿಮಾನವೂ ತಪ್ಪಿತು. 2024ರಿಂದ ಶ್ರೀ ವಿಜಯಪುರಂ ಎಂದು ಹೆಸರಾಗಿರುವ ಪೋರ್ಟ್ ಬ್ಲೇರ್ ಡಿಗ್ಲಿಪುರದಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿದೆ. ನಡುವೆ ವಾಹನಗಳನ್ನು ದೋಣಿಗೇರಿಸಿ ದಾಟಿಸಬೇಕು, ಜಾರವಾ ಎಂಬ ಆದಿವಾಸಿ ಜನರ ಮೀಸಲು ಅರಣ್ಯವನ್ನು ನಿಗದಿತ ವೇಳೆಗೆ ಹೊರಡುವ ಪೊಲೀಸ್ ಕಾವಲಿನ ಸಾಲಿನಲ್ಲಿ ಮಾತ್ರ ಹಾಯಬೇಕು. ಆ ಸಾಲು ತಪ್ಪಿದರೆ ಆ ದಿನ ಮುಗಿದಂತೆಯೇ. ನಮ್ಮ ಹಾಳೆಯಲ್ಲಿ ಚಾರಣದ ಮರುದಿನವೇ ಈ ಇಡೀ ಪ್ರಯಾಣ, ಅದರ ಮರುಬೆಳಗ್ಗೆಯೇ ವಿಮಾನ. ಒಂದು ದಿನದ ಬಿಡುವೂ ಇರಲಿಲ್ಲ. ಹೊಸ ಟಿಕೆಟ್ಟಿಗೆ 38,000 ರೂಪಾಯಿ ತೆತ್ತೆವು.

ನೀವು ಹೋಗುವುದಾದರೆ ಸ್ಯಾಡಲ್ ಪೀಕ್‌ಗೆ ಒಂದು ಪೂರ್ತಿ ದಿನವನ್ನೂ, ಅದರ ಮರುದಿನವನ್ನು ಖಾಲಿಯಾಗಿಯೂ ಇಟ್ಟುಕೊಳ್ಳಿ. ಹಿಂದಿನ ಸಂಜೆಯೇ ಚೌಕಿಗೆ ಹೋಗಿ, ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ, ಮರುದಿನ ಉಬ್ಬರ ಯಾವಾಗ ಎಂದು ಕೇಳಿ, ಬೆಳಕು ಹರಿಯುವಾಗಲೇ ಹೊರಡಿ. ಹನ್ನೊಂದಕ್ಕೆ ಎಲ್ಲಿದ್ದರೂ ಹಿಂತಿರುಗುತ್ತೇವೆ ಎಂದು ಕೆಳಗೇ ನಿಶ್ಚಯ ಮಾಡಿಕೊಳ್ಳಿ. ಮೇಲೆ ಹೋದ ಮೇಲೆ ಆ ನಿಶ್ಚಯ ಮಾಡಲು ಮನಸ್ಸು ಬರುವುದಿಲ್ಲ. ತಲಾ ನಾಲ್ಕು ಲೀಟರ್ ನೀರು, ಓಆರ್‌ಎಸ್, ತಲೆಗೆ ಕಟ್ಟುವ ಟಾರ್ಚ್ ಇರಲಿ. ಜೊತೆಗೆ ಬಂದವನು ಸಾಕು ಎಂದರೆ ಸಾಕು.

ಪುಣೆಗೆ ಬಂದ ಮೇಲೆ ಏಜೆಂಟರ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದೆವು. ನೀವು ಗಡ ಹತ್ತುವವರು, ನಿಮಗೆ ಇದೇನು ಕಷ್ಟವಾಗಲಿಕ್ಕಿಲ್ಲ ಎಂದುಕೊಂಡೆ ಎಂದರು. ತಾವು ಎಂದಾದರೂ ಡಿಗ್ಲಿಪುರಕ್ಕೆ ಹೋಗಿದ್ದೀರಾ ಎಂದು ಯಜಮಾನರು ಕೇಳಿದ್ದಕ್ಕೆ ಇಲ್ಲ ಎಂದು ಒಪ್ಪಿಕೊಂಡರು. ಹಾಳೆಯನ್ನು ತಿದ್ದಿಸುವುದಾಗಿ ಮಾತು ಕೊಟ್ಟರು. ಕಳೆದ ವಾರ ನಮ್ಮ ಪಕ್ಕದ ಮನೆಯವರು ಈ ವರ್ಷದ ಹಾಳೆಯನ್ನು ತಂದು ತೋರಿಸಿದರು. ಆರನೆಯ ದಿನದ ಆ ಎರಡು ಸಾಲುಗಳು ಹಾಗೆಯೇ ಇವೆ.