ಓಪನ್‌ಡಬ್ಲ್ಯುಆರ್‌ಟಿ ರೌಟರ್‌ನ ಸ್ಟ್ಯಾಟಿಕ್ ಲೀಸ್: ದೀರ್ಘ ಬಳಕೆಯ ನಂತರ

ರೇಟಿಂಗ್: 5ಕ್ಕೆ 4

ಓಪನ್‌ಡಬ್ಲ್ಯುಆರ್‌ಟಿ ಎಂದರೆ ರೌಟರ್‌ಗೆ ಹಾಕುವ ಉಚಿತ ತಂತ್ರಾಂಶ. ಒಂದು ಯಂತ್ರಕ್ಕೆ ಯಾವಾಗಲೂ ಒಂದೇ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಯಂತ್ರವನ್ನು ಗುರುತಿಸುವ ಅಂಕಿ) ಸಿಗುವಂತೆ ಅದರಲ್ಲಿ ಬರೆದಿಡುವುದೇ ಸ್ಟ್ಯಾಟಿಕ್ ಲೀಸ್. ಮನೆಯಲ್ಲಿರುವುದು ಎರಡು ಫೋನ್, ಒಂದು ಲ್ಯಾಪ್‌ಟಾಪ್ ಅಷ್ಟೇ ಆದರೆ ಇದರ ಗೊಡವೆಯೇ ಬೇಡ. ಪ್ರಿಂಟರ್, ಕ್ಯಾಮೆರಾದ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್, ನಾಸ್ (ಮನೆಯ ನೆಟ್‌ವರ್ಕ್‌ನಲ್ಲಿ ಫೈಲ್‌ಗಳನ್ನು ಇಡುವ ಪೆಟ್ಟಿಗೆ) ಇದ್ದರೆ ಬೇಕು. ಇವುಗಳನ್ನು ಬೇರೆ ಯಂತ್ರಗಳು ಹುಡುಕಿಕೊಂಡು ಬರುತ್ತವೆ. ಐಪಿ ವಿಳಾಸ ಬದಲಾದರೆ ದಾರಿ ತಪ್ಪುತ್ತವೆ. ಚೆನ್ನಾಗಿದ್ದ ಪ್ರಿಂಟರ್ ಇದ್ದಕ್ಕಿದ್ದಂತೆ ‘ಆಫ್‌ಲೈನ್’ ಎಂದು ತೋರಿಸುವುದು ಎಷ್ಟೋ ಸಲ ಇದರಿಂದಲೇ.

ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲೇ ವಿಳಾಸ ಬರೆದಿಡಬಹುದು, ಆದರೆ ರೌಟರ್‌ಗೆ ಅದು ಗೊತ್ತಿರುವುದಿಲ್ಲ. ಆ ಯಂತ್ರ ಆಫ್ ಆಗಿದ್ದಾಗ ಅದೇ ವಿಳಾಸವನ್ನು ಇನ್ನೊಂದಕ್ಕೆ ಕೊಟ್ಟುಬಿಟ್ಟರೆ ಎರಡೂ ಕಿತ್ತಾಡುತ್ತವೆ. ಲ್ಯಾಪ್‌ಟಾಪನ್ನು ಆಫೀಸಿಗೆ ಒಯ್ದರೆ ಅಲ್ಲಿ ನೆಟ್ ಬರುವುದಿಲ್ಲ. ರೌಟರ್‌ನಲ್ಲೇ ಕಟ್ಟಿಹಾಕುವುದು ಲೇಸು.

ಮೊದಲು ಒಂದು ತೊಡಕು. ಓಪನ್‌ಡಬ್ಲ್ಯುಆರ್‌ಟಿಯ ಮೂಲ ವಿಳಾಸ 192.168.1.1. ಫೈಬರ್ ಕಂಪನಿಯವರು ಕೊಡುವ ಎಷ್ಟೋ ಮೋಡೆಮ್‌ಗಳದ್ದೂ ಅದೇ. ಒಂದರ ಹಿಂದೆ ಇನ್ನೊಂದನ್ನು ಜೋಡಿಸಿದರೆ ನೆಟ್ ಬರುವುದಿಲ್ಲ. ಹಾಗಾಗಿ ರೌಟರ್‌ನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವಿಳಾಸವನ್ನು 192.168.10.1 ಎಂದು ಮೊದಲೇ ಬದಲಿಸಿ, ಆಮೇಲೆ ಲೀಸ್‌ಗಳಿಗೆ ಕೈಹಾಕಿ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇಲ್ಲೇ: ‘ಸೇವ್ ಆಂಡ್ ಅಪ್ಲೈ’ ಒತ್ತಿದ ಮೇಲೆ ಒಂದೂವರೆ ನಿಮಿಷದೊಳಗೆ ಹೊಸ ವಿಳಾಸದಲ್ಲಿ ರೌಟರ್ ಸಿಗದಿದ್ದರೆ ಬದಲಾವಣೆಯನ್ನು ತಾನೇ ಹಿಂದೆಗೆದುಕೊಳ್ಳುತ್ತದೆ. ಹೊಸಬರು ತಲೆ ಕೆಡಿಸಿಕೊಳ್ಳುವ ಜಾಗ ಇದು. ಆ ಬಟನ್ ಪಕ್ಕದ ಬಾಣದಲ್ಲಿ ‘ಅಪ್ಲೈ ಅನ್‌ಚೆಕ್ಡ್’ ಆರಿಸಿ, ಕೇಬಲ್ ಕಿತ್ತು ಮತ್ತೆ ಚುಚ್ಚಿ.

ಮುಂದಿನದು ಸಲೀಸು. ನೆಟ್‌ವರ್ಕ್ ಮೆನುವಿನ ‘ಡಿಎಚ್‌ಸಿಪಿ ಆಂಡ್ ಡಿಎನ್‌ಎಸ್’ನಲ್ಲಿ ‘ಸ್ಟ್ಯಾಟಿಕ್ ಲೀಸಸ್’ ತೆರೆದು ಹೆಸರು, ಮ್ಯಾಕ್ ವಿಳಾಸ (ಯಂತ್ರದ ನೆಟ್‌ವರ್ಕ್ ಭಾಗದ ಗುರುತಿನ ಸಂಖ್ಯೆ), ಐಪಿ ತುಂಬಿ. ರೌಟರ್ ತಾನಾಗಿ ಹಂಚುವ ವಿಳಾಸಗಳ ಕೊನೆಯ ಅಂಕಿ 100ರಿಂದ 249ರವರೆಗೆ, ಪ್ರಿಂಟರ್‌ಗೆ 192.168.10.20, ನಾಸ್‌ಗೆ 21 ಎಂದು ಅದರಾಚೆಯ ಅಂಕಿ ಕೊಟ್ಟರೆ ನೆನಪಿಡುವುದು ಸುಲಭ. ಹಳೆಯ ಲೀಸ್ (ರೌಟರ್ ತಾನಾಗಿ ಕೊಟ್ಟ ವಿಳಾಸದ ಅವಧಿ) 12 ಗಂಟೆಯದು, ಅರ್ಧ ಅವಧಿ ಕಳೆಯುವವರೆಗೆ ಯಂತ್ರ ಅದನ್ನೇ ಹಿಡಿದುಕೊಂಡಿರುತ್ತದೆ. ಕಾಯುವ ಬದಲು ಯಂತ್ರವನ್ನು ಆಫ್ ಮಾಡಿ ಆನ್ ಮಾಡಿ. ವಿಂಡೋಸ್‌ನಲ್ಲಿ ಪ್ರಿಂಟರ್ ಪೋರ್ಟ್‌ನಲ್ಲಿರುವ ಹಳೆಯ ಐಪಿಯನ್ನೂ ತಿದ್ದಬೇಕು, ಅದನ್ನು ಮರೆಯುವವರೇ ಹೆಚ್ಚು.

ಲೀಸ್ ಕೂರದಿದ್ದರೆ ಮೊದಲು ಅನುಮಾನಿಸಬೇಕಾದ್ದು ಮ್ಯಾಕ್ ಅನ್ನೇ. ಲ್ಯಾಪ್‌ಟಾಪಿನ ಕೇಬಲ್‌ಗೆ ಒಂದು ಮ್ಯಾಕ್, ವೈಫೈಗೆ ಇನ್ನೊಂದು. ಆಂಡ್ರಾಯ್ಡ್ 10, ಐಒಎಸ್ 14ರಿಂದೀಚೆಗೆ ಫೋನ್‌ಗಳು ವೈಫೈಗೆ ಸುಳ್ಳು ಮ್ಯಾಕ್ ತೋರಿಸುತ್ತವೆ. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ಅಂಥದ್ದೇ ಎನ್ನಬಹುದು. ಮನೆಯ ವೈಫೈಗೆ ಮಾತ್ರ ಆ ಸೆಟ್ಟಿಂಗ್ ಆಫ್ ಮಾಡಿ ನಿಜವಾದ ಮ್ಯಾಕ್ ಬಳಸಿ.

ಇಷ್ಟವಾದದ್ದು ಹೆಸರಿನ ಸೌಲಭ್ಯ. ಲೀಸ್‌ನಲ್ಲಿ ‘ನಾಸ್’ ಎಂದು ಬರೆದರೆ ಬ್ರೌಸರಿನಲ್ಲಿ ಅಂಕಿಯ ಬದಲು ‘ನಾಸ್ ಡಾಟ್ ಲ್ಯಾನ್’ ಸಾಕು (ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು). ಫೋನಿನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ಗೆ (ಡಿಎನ್‌ಎಸ್ ಎಂದರೆ ಹೆಸರಿನಿಂದ ಐಪಿ ಹುಡುಕಿಕೊಡುವ ಸೇವೆ) ಹೊರಗಿನ ಸರ್ವರ್ ಕೊಟ್ಟಿದ್ದರೆ ಮಾತ್ರ ಈ ಹೆಸರು ಸಿಗುವುದಿಲ್ಲ, ಅಂಕಿಯೇ ಗತಿ.

ಫ್ಯಾಕ್ಟರಿ ರಿಸೆಟ್ ಆದರೆ ಪಟ್ಟಿಯೆಲ್ಲ ಅಳಿಸಿಹೋಗುತ್ತದೆ. ಸಿಸ್ಟಮ್ ಮೆನುವಿನಿಂದ ಬ್ಯಾಕಪ್ ಇಳಿಸಿಕೊಂಡು ರೌಟರ್‌ನಾಚೆ ಎಲ್ಲಾದರೂ ಇಡಿ. ನಾಸ್‌ನಲ್ಲಿ ಮಾತ್ರ ಬೇಡ, ಅದನ್ನು ಹುಡುಕಲಿಕ್ಕೂ ಆ ಪಟ್ಟಿಯೇ ಬೇಕಾದೀತು.