ಟೆಲಿ ಮಾನಸ್ 14416: ಚಿಕ್ಕಮ್ಮನಿಗೋಸ್ಕರ ಕಾಲ್ ಮಾಡಿದ ಅನುಭವ

ಮನೇಲಿ ಯಾರಿಗೋ ಡಿಪ್ರೆಶನ್ ಇರ್ಬೋದಾ ಅಂತ ಅನುಮಾನ ಇದ್ದು, ಯಾರನ್ನ ಕೇಳೋದು ಅಂತ ಗೊತ್ತಾಗ್ದೆ ಒದ್ದಾಡ್ತಿದ್ರೆ ಮೊದ್ಲು ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಕಾಲ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡ್ಬೋದು, ಕನ್ನಡದಲ್ಲೇ ಮಾತಾಡ್ಬೋದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ಕ್ಕೆ ಶುರು ಮಾಡಿದ ಸೇವೆ ಇದು, ಹಿಂದೆ ನಿಂತು ನಡೆಸ್ತಿರೋದು ನಮ್ಮ ನಿಮ್ಹಾನ್ಸ್, ಅದಕ್ಕೇ ನಂಗೂ ಧೈರ್ಯ ಬಂತು.

ನಾನು ಮಾಡಿದ್ದು ಹಾಸನದ ಕಡೆ ಹಳ್ಳೀಲಿರೋ ಚಿಕ್ಕಮ್ಮನಿಗೋಸ್ಕರ. ಚಿಕ್ಕಪ್ಪ ತೀರ್ಕೊಂಡ ಮೇಲೆ ಅವ್ರು ಒಂದಿನಾನೂ ಬೇಜಾರು ಅಂತ ಬಾಯ್ಬಿಟ್ಟು ಹೇಳ್ಲಿಲ್ಲ, ಹೇಳಿದ್ದೆಲ್ಲಾ ತಲೆನೋವು, ಮೈಕೈ ನೋವು, ಎದೆ ಭಾರ, ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗಿ ಮತ್ತೆ ಕಣ್ಣು ಮುಚ್ಚಲ್ಲ ಅಂತ. ದಿನಾ ಬಾಗಿಲಿಗೆ ರಂಗೋಲಿ ಬಿಡ್ತಿದ್ದೋರು ಬರೀ ನೀರು ಚುಮುಕ್ಸಿ ಒಳಗೆ ಬಂದು ಮಲ್ಕೊಳ್ಳೋರು, ಮೊಮ್ಮಗು ಬಂದ್ರೂ ಮುಖ ಅರಳ್ತಿರ್ಲಿಲ್ಲ. ಒಂದು ಕ್ಲಿನಿಕ್‌ನಲ್ಲಿ ಹೋದಾಗೆಲ್ಲಾ ನೋವಿನ ಮಾತ್ರೆ ಜೊತೆಗೆ ಟಾನಿಕ್ಕು, ಅಷ್ಟೇ.

ಕಾಲ್ ಮಾಡಿದಾಗ ಮೊದ್ಲು ಭಾಷೆ ಆರಿಸ್ಕೊಳ್ಳೋಕೆ ಹೇಳುತ್ತೆ, ಆಮೇಲೆ ಕೌನ್ಸೆಲರ್ ಮೇಡಂ ಸಿಕ್ಕಿದ್ರು. ಆತುರಾನೇ ಇಲ್ಲ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದಾರಾ, ಊಟ ನಿದ್ದೆ ಹೇಗೆ, ಮೊದ್ಲು ಇಷ್ಟ ಪಟ್ಟು ಮಾಡ್ತಿದ್ದ ಕೆಲಸ ಈಗ ಮಾಡ್ತಾರಾ ಅಂತೆಲ್ಲಾ ಕೇಳಿ, "ಬದುಕಿದ್ದೇನು ಪ್ರಯೋಜನ ಅನ್ನೋ ಥರ ಏನಾದ್ರೂ ಮಾತಾಡ್ತಾರಾ?" ಅಂತ ನೇರವಾಗೇ ಕೇಳಿದ್ರು. ನಂಗೆ ಗಾಬರಿ ಆಯ್ತು. ಹಾಗೆ ಕೇಳೋದ್ರಿಂದ ಇಲ್ಲದ ಯೋಚನೆ ಹುಟ್ಟಲ್ಲ, ಒಳಗಿರೋದನ್ನ ಹೇಳ್ಕೊಳ್ಳೋಕೆ ದಾರಿ ಆಗುತ್ತೆ ಅಂತ ಅವ್ರೇ ಬಿಡಿಸಿ ಹೇಳಿದ್ರು. ದುಃಖ ಒಂದೇ ಕಾರಣ ಅಲ್ಲ, ವಂಶದಲ್ಲಿ ಇರ್ಬೋದು, ಥೈರಾಯ್ಡ್ ಕಮ್ಮಿ ಆದ್ರೂ ಬಿ12 ಕಮ್ಮಿ ಆದ್ರೂ ಹೀಗೇ ಕಾಣ್ಬೋದು, ರಕ್ತ ಪರೀಕ್ಷೆ ಮಾಡ್ಸಿ ಅಂದ್ರು. ಆ ಕ್ಲಿನಿಕ್‌ನಲ್ಲಿ ಇದನ್ನ ಯಾರೂ ಹೇಳಿರ್ಲಿಲ್ಲ!

ತಾಲೂಕು ಆಸ್ಪತ್ರೇಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತೆ, ಮನೋವೈದ್ಯರು ಅಲ್ಲಿಗೇ ಬರ್ತಾರೆ ಅನ್ನೋದೂ ಗೊತ್ತಾಗಿದ್ದು ಈ ಕಾಲ್‌ನಿಂದ್ಲೇ. ಅಲ್ಲಿ ಡಾಕ್ಟ್ರು ಮಾತ್ರೆ ಬರೆದು, ಕೆಲಸ ಮಾಡೋಕೆ ಎರಡರಿಂದ ನಾಲ್ಕು ವಾರ ಹಿಡಿಯುತ್ತೆ, ಮೊದಮೊದಲು ಸ್ವಲ್ಪ ವಾಕರಿಕೆ ಬರ್ಬೋದು, ಹುಷಾರಾದ್ರು ಅಂತ ನೀವೇ ನಿಲ್ಲಿಸ್ಬೇಡಿ, ಆಮೇಲೂ ಆರು ತಿಂಗಳಾದ್ರೂ ತಗೋಬೇಕು ಅಂತ ಹೇಳಿದ್ರು. ಚಟ ಆಗುತ್ತೆ ಅಂತ ನೆಂಟ್ರು ಹೆದರಿಸಿದ್ರು, ಇದು ನಿದ್ದೆ ಮಾತ್ರೆ ಅಲ್ಲ, ಚಟ ಹಿಡಿಸಲ್ಲ, ಆದ್ರೆ ದಿಢೀರ್ ಅಂತ ಬಿಟ್ರೆ ತಲೆ ಸುತ್ತೋದು, ಕಿರಿಕಿರಿ ಆಗುತ್ತೆ, ಅದಕ್ಕೇ ಡಾಕ್ಟ್ರು ನಿಧಾನಕ್ಕೆ ಕಮ್ಮಿ ಮಾಡೋದು. ಜೊತೆಗೆ ಕೌನ್ಸೆಲಿಂಗ್ ಕೂಡ ಇದೆ, ಅದೂ ಚಿಕಿತ್ಸೇನೇ, ಸುಮ್ನೆ ಮಾತಲ್ಲ.

ಫೋನಲ್ಲೇ ಪೂರ್ತಿ ವಾಸಿ ಆಗುತ್ತೆ ಅಂತ ಮಾತ್ರ ಕಾಯ್ಬೇಡಿ, ಡಾಕ್ಟ್ರ ಹತ್ರ ಹೋಗ್ಲೇಬೇಕಾಗ್ಬೋದು. ಪ್ರಾಣಕ್ಕೆ ಏನಾದ್ರೂ ಮಾಡ್ಕೊಳ್ತಾರೆ ಅನ್ನೋ ಭಯ ಇದ್ರೆ ಒಬ್ಬರನ್ನೇ ಬಿಡ್ಬೇಡಿ, 112ಕ್ಕೆ ಕಾಲ್ ಮಾಡಿ ಇಲ್ಲಾ ತಕ್ಷಣ ಹತ್ತಿರದ ಆಸ್ಪತ್ರೆಗೆ ಕರ್ಕೊಂಡ್ ಹೋಗಿ.

ಚಿಕ್ಕಮ್ಮ ಈಗ ಐದು ಗಂಟೆವರೆಗೂ ಮಲಗ್ತಾರೆ, ಮಾತ್ರೆ ನಡೀತಾ ಇದೆ. ಕಾಯಿಲೆ ಇರೋರೇ ಕಾಲ್ ಮಾಡ್ಬೇಕು ಅಂತೇನಿಲ್ಲ, ಮಗಳು, ಸೊಸೆ, ಸ್ನೇಹಿತ್ರು ಯಾರು ಬೇಕಾದ್ರೂ ಮಾಡ್ಬೋದು. 14416 ಸಿಗ್ದೇ ಹೋದ್ರೆ 1800 891 4416ಕ್ಕೆ ಟ್ರೈ ಮಾಡಿ.